ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಫೈಲ್‌ಗಳು ಹೋದವು ಎಂದು ತೀರ್ಮಾನಿಸುವ ಮುನ್ನ ಇದನ್ನು ಓದಿ

ಒಂದೇ ನೋಟದಲ್ಲಿ

ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದ ಮಾತ್ರಕ್ಕೆ ಅದರೊಳಗಿನ ಫೈಲ್‌ಗಳು ಅಳಿಸಿಹೋಗಿವೆ ಎಂದರ್ಥವಲ್ಲ. ಕೆಟ್ಟಿರುವುದು ಚಾರ್ಜರ್, ರ‍್ಯಾಮ್, ಮದರ್‌ಬೋರ್ಡ್ ಅಥವಾ ವಿಂಡೋಸ್ ಆಗಿದ್ದರೆ ಫೈಲ್‌ಗಳಿರುವ ಡಿಸ್ಕ್ ಸಾಮಾನ್ಯವಾಗಿ ಹಾಗೇ ಇರುತ್ತದೆ. ಎಷ್ಟೋ ಸಲ ಫೈಲ್‌ಗಳು ಹೋಗುವುದು ಮೊದಲ ದೋಷದಿಂದಲ್ಲ, ಆಮೇಲೆ ಅವಸರದಲ್ಲಿ ಮಾಡಿಸುವ ‘ರಿಪೇರಿ’ಯಿಂದ. ಆದ್ದರಿಂದ ಮೊದಲು ಫೈಲ್, ಆಮೇಲೆ ಕಂಪ್ಯೂಟರ್. ಈ ಕ್ರಮ ತಪ್ಪಬಾರದು.

ಹಿರೇಬೆಂಡಿಗೇರಿಯ ಒಂದು ಬೆಳಿಗ್ಗೆ

ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆಗೆ ರಾತ್ರಿಯಿಡೀ ಕರೆಂಟ್ ಹೋಗಿ ಬಂದು ಮಾಡಿದೆ. ಬೆಳಿಗ್ಗೆ ನೋಡಿದರೆ ಮನೆಯ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ. ಅದರಲ್ಲಿರುವುದು ಜಾನಪದ ಎಂ.ಎ. ಓದುತ್ತಿರುವ ಹುಡುಗಿಯೊಬ್ಬಳ ಕ್ಷೇತ್ರಕಾರ್ಯ. ಊರಿನ ಹಿರಿಯ ಹೆಣ್ಣುಮಕ್ಕಳಿಂದ ಹಾಡಿಸಿಕೊಂಡ ಬೀಸುಕಲ್ಲಿನ ಪದ, ಸೋಬಾನೆ ಪದಗಳ ಧ್ವನಿಮುದ್ರಣ. ಇದೇ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಇಂಥ ಲ್ಯಾಪ್‌ಟಾಪ್ ಈ ಭಾಗದಲ್ಲಿ ಯಾರ ಮನೆಯಲ್ಲಾದರೂ ಇರಬಹುದು. ಹಾಡಿದ ಅಜ್ಜಿಯರಲ್ಲಿ ಒಬ್ಬರು ಈಗಿಲ್ಲ. ಮತ್ತೊಮ್ಮೆ ಹಾಡಿಸಿಕೊಳ್ಳಲು ಸಾಧ್ಯವಿಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ ಕೂಡಲೇ ಸಲಹೆಗಳು ಬರುತ್ತವೆ. “ಹಾರ್ಡ್ ಡಿಸ್ಕ್ ತಗದು ಒಂದ್ ರಾತ್ರಿ ಫ್ರಿಜ್ಜಿನ್ಯಾಗ ಇಡು.” “ಅಕ್ಕಿ ಡಬ್ಬ್ಯಾಗ ಹಾಕಿಡು.” “ಫಾರ್ಮ್ಯಾಟ್ ಹೊಡಸವ್ವಾ, ಎಲ್ಲಾ ಸರಿ ಆಕ್ಕೈತಿ.” ಈ ಸಲಹೆಗಳಲ್ಲಿ ಯಾವುದನ್ನು ಕೇಳಬಹುದು, ಯಾವುದನ್ನು ಕೇಳಬಾರದು ಎಂದು ತಿಳಿಯಲು ಮೊದಲು ಕಂಪ್ಯೂಟರ್ ಆನ್ ಆಗುವಾಗ ಏನು ನಡೆಯುತ್ತದೆ ಎಂದು ನೋಡೋಣ.

ಯಂತ್ರ ಬೇರೆ, ಡಿಸ್ಕ್ ಬೇರೆ

ಪವರ್ ಬಟನ್ ಒತ್ತಿದಾಗ ಮೊದಲು ಮದರ್‌ಬೋರ್ಡ್‌ಗೆ ಕರೆಂಟ್ ಹೋಗುತ್ತದೆ. ಅದರ ಮೇಲಿರುವ ಬಯೋಸ್ ಎಂಬ ಪುಟ್ಟ ಪ್ರೋಗ್ರಾಂ ರ‍್ಯಾಮ್, ಕೀಬೋರ್ಡ್, ಡಿಸ್ಪ್ಲೇಗಳನ್ನು ಪರೀಕ್ಷಿಸುತ್ತದೆ. ಆಮೇಲೆ ಡಿಸ್ಕ್‌ನಲ್ಲಿ ವಿಂಡೋಸ್ ಎಲ್ಲಿದೆ ಎಂದು ಹುಡುಕಿ ಅದನ್ನು ಎಬ್ಬಿಸುತ್ತದೆ. ಈ ಸರಪಳಿಯ ಯಾವ ಕೊಂಡಿ ತುಂಡಾದರೂ ನಮಗೆ ಕಾಣುವುದು ಒಂದೇ: “ಕಂಪ್ಯೂಟರ್ ಆನ್ ಆಗ್ತಿಲ್ಲ.”

ನಿಮ್ಮ ಫೋಟೊ, ಹಾಡು, ದಾಖಲೆಗಳು ಇರುವುದು ಈ ಸರಪಳಿಯ ತುದಿಯಲ್ಲಿ, ಡಿಸ್ಕ್‌ನೊಳಗೆ. ಬಾಗಿಲ ಚಿಲಕ ಕೆಟ್ಟರೆ ಕಣಜದಲ್ಲಿರುವ ಜೋಳ ಎಲ್ಲಿಗೂ ಹೋಗುವುದಿಲ್ಲ. ಬೇರೆ ಬಾಗಿಲಿನಿಂದ ಒಳಗೆ ಹೋಗಿ ಜೋಳ ತೆಗೆದುಕೊಂಡು ಬರಬಹುದು. ಫೈಲ್ ರಿಕವರಿ ಎಂದರೆ ಬಹುಮಟ್ಟಿಗೆ ಇಷ್ಟೇ.

85 ಲಕ್ಷ ಕಂಪ್ಯೂಟರ್‌ಗಳು ನಿಂತ ದಿನ

ಇದಕ್ಕೆ ದೊಡ್ಡ ಉದಾಹರಣೆ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲೂ ವಿಮಾನಯಾನ ಸಂಸ್ಥೆಗಳು ಕೈಯಿಂದಲೇ ಚೆಕ್-ಇನ್ ಮಾಡಬೇಕಾಯಿತು. ದೇಶದ ಕೆಲವೆಡೆ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಸಿಕ್ಕವು.

ಅದು ಸೈಬರ್ ದಾಳಿಯಾಗಿರಲಿಲ್ಲ. ಆ ಕಂಪ್ಯೂಟರ್‌ಗಳಲ್ಲಿದ್ದ ಮಾಹಿತಿಯೂ ಅಳಿಸಿಹೋಗಿರಲಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅದೇ ದಿನ ಪರಿಹಾರದ ಕ್ರಮವನ್ನು ಪ್ರಕಟಿಸಿತು: ಕಂಪ್ಯೂಟರನ್ನು ಸೇಫ್ ಮೋಡ್‌ನಲ್ಲಿ ತೆರೆದು ದೋಷವಿರುವ ಫೈಲನ್ನು ಅಳಿಸಿ, ಮತ್ತೆ ಆನ್ ಮಾಡಿ. ಒಂದು ಸಣ್ಣ ಫೈಲ್ ಇಡೀ ಯಂತ್ರವನ್ನು ನಿಲ್ಲಿಸಬಹುದು. ಅಂದ ಮಾತ್ರಕ್ಕೆ ಯಂತ್ರದೊಳಗಿನದ್ದೆಲ್ಲ ಹಾಳಾಯಿತು ಎಂದಲ್ಲ. ಆ ದಿನ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಿದವರಿದ್ದರೆ, ಅವರು ಇಲ್ಲದ ನಷ್ಟವನ್ನು ತಾವೇ ಮಾಡಿಕೊಂಡಂತೆ.

ಲಕ್ಷಣ ನೋಡಿ ಕಾಯಿಲೆ ಗುರುತಿಸಿ

• ಲೈಟ್ ಇಲ್ಲ, ಫ್ಯಾನ್ ಸದ್ದಿಲ್ಲ: ಚಾರ್ಜರ್, ಬ್ಯಾಟರಿ, ಡೆಸ್ಕ್‌ಟಾಪ್ ಆಗಿದ್ದರೆ ಎಸ್‌ಎಂಪಿಎಸ್ ಅಥವಾ ಯುಪಿಎಸ್ ಅನುಮಾನಿಸಿ. ವೋಲ್ಟೇಜ್ ಏರಿಳಿತದ ನಂತರ ಮೊದಲು ನೋಡಬೇಕಾದ್ದು ಇದನ್ನೇ. ಡಿಸ್ಕ್ ಚೆನ್ನಾಗಿರುವ ಸಾಧ್ಯತೆ ಹೆಚ್ಚು.

• ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು ಅಥವಾ ಬೀಪ್ ಸದ್ದು: ರ‍್ಯಾಮ್ ಅಥವಾ ಡಿಸ್ಪ್ಲೇ ದೋಷವಿರಬಹುದು. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ ನೋಡಿ. ಟಿವಿಯಲ್ಲಿ ಚಿತ್ರ ಬಂದರೆ ಕೆಟ್ಟಿರುವುದು ಪರದೆ ಮಾತ್ರ.

• ಕಂಪನಿಯ ಲೋಗೋ ಬರುತ್ತದೆ, ಆಮೇಲೆ ನೀಲಿ ಪರದೆ ಅಥವಾ ಪದೇ ಪದೇ ರೀಸ್ಟಾರ್ಟ್: ವಿಂಡೋಸ್ ಕೆಟ್ಟಿರಬಹುದು, ಡಿಸ್ಕ್ ಕೆಡುತ್ತಿರಲೂಬಹುದು. ಇಲ್ಲಿಂದ ಎಚ್ಚರ ಬೇಕು.

• ಬೂಟ್ ಆಗುವ ಡಿವೈಸ್ ಸಿಗುತ್ತಿಲ್ಲ ಎಂಬ ಸಂದೇಶ: ಮೊದಲು ಯಾವುದಾದರೂ ಪೆನ್‌ಡ್ರೈವ್ ಸಿಕ್ಕಿಸಿಟ್ಟಿದ್ದೀರಾ ನೋಡಿ, ತೆಗೆಯಿರಿ. ಬಯೋಸ್‌ನಲ್ಲಿ ಡಿಸ್ಕ್‌ನ ಹೆಸರು ಕಾಣದಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ಡಿಸ್ಕ್ ಕೆಟ್ಟಿದೆ.

• ಒಳಗಿನಿಂದ ಟಿಕ್ ಟಿಕ್ ಸದ್ದು, ಕರಕರ ಸದ್ದು: ಹಾರ್ಡ್ ಡಿಸ್ಕ್‌ನ ಯಾಂತ್ರಿಕ ಭಾಗವೇ ಕೆಟ್ಟಿದೆ. ತಕ್ಷಣ ಆಫ್ ಮಾಡಿ. “ಇನ್ನೊಂದ್ಸಲ ನೋಡೋಣ” ಎಂದು ಆನ್ ಮಾಡಿದಷ್ಟೂ ಉಳಿದದ್ದೂ ಹೋಗಬಹುದು.

ಫಾರ್ವರ್ಡ್ ಸಲಹೆಗಳು: ಯಾವುದು ನಿಜ, ಯಾವುದು ಸುಳ್ಳು?

ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ: ಇದರಲ್ಲಿ ಹುರುಳಿದೆ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬರುವಂತಿದ್ದರೆ ತೆಗೆದು, ಬಟನ್ ಒತ್ತಿ ಹಿಡಿದರೆ ಬೋರ್ಡ್‌ನಲ್ಲಿ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಆಮೇಲೆ ಚಾರ್ಜರ್ ಹಾಕಿದರೆ ಕೆಲವೊಮ್ಮೆ ಆನ್ ಆಗುತ್ತದೆ. ಫೈಲ್‌ಗಳಿಗೆ ತೊಂದರೆಯಿಲ್ಲ.

ಹಾರ್ಡ್ ಡಿಸ್ಕನ್ನು ಫ್ರಿಜ್‌ನಲ್ಲಿಡಿ: ಮಾಡಬೇಡಿ. ಹಳೆಯ ಕಾಲದ ಕೆಲವು ಡಿಸ್ಕ್‌ಗಳು ತಣ್ಣಗಾದಾಗ ಸ್ವಲ್ಪ ಹೊತ್ತು ಓಡಿದ ಕಥೆಗಳಿಂದ ಹುಟ್ಟಿದ ಸಲಹೆ ಇದು. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಹೊರಗಿಟ್ಟರೆ ಬೆವರುತ್ತದಲ್ಲವೇ? ಡಿಸ್ಕ್ ಕೂಡ ಹಾಗೇ ಬೆವರುತ್ತದೆ. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ಓದುವ ಹೆಡ್ ತೇಲುತ್ತಿರುತ್ತದೆ. ಅಲ್ಲಿ ಒಂದು ಹನಿ ತೇವ ಸಾಕು.

ಡಿಸ್ಕ್ ಬಿಚ್ಚಿ ಧೂಳು ಒರೆಸಿ: ಖಂಡಿತ ಬೇಡ. ಕಂಪ್ಯೂಟರ್ ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆಯುವುದು ಬೇರೆ, ಹಾರ್ಡ್ ಡಿಸ್ಕ್‌ನ ಮುಚ್ಚಳ ತೆಗೆಯುವುದು ಬೇರೆ. ಮನೆಯ ಗಾಳಿಯ ಧೂಳಿನ ಕಣವೇ ಆ ಹೆಡ್‌ಗೆ ಬಂಡೆಗಲ್ಲಿನಂತೆ.

ನೀರು ಬಿದ್ದರೆ ಅಕ್ಕಿಯಲ್ಲಿಡಿ: ಪ್ರಯೋಜನವಿಲ್ಲ. ಬೋರ್ಡ್‌ನ ಸಂದಿಯಲ್ಲಿರುವ ನೀರನ್ನು ಅಕ್ಕಿ ಹೀರಿಕೊಳ್ಳುವುದಿಲ್ಲ, ಬದಲಿಗೆ ಹಿಟ್ಟಿನ ಧೂಳು ಒಳಗೆ ಸೇರುತ್ತದೆ. 2019ರ ಆಗಸ್ಟ್‌ನ ನೆರೆಯಲ್ಲಿ ಹಾವೇರಿ ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಹಾಗೆ ನೆನೆದ ಕಂಪ್ಯೂಟರ್‌ಗೆ ಮಾಡಬಾರದ ಮೊದಲ ಕೆಲಸ “ನಡೀತೈತೇನು” ಎಂದು ಆನ್ ಮಾಡಿ ನೋಡುವುದು.

ಅಕ್ಕಿ, ಫ್ರಿಜ್‌ಗಳಿಗಿಂತ ಅಪಾಯಕಾರಿ ಸಲಹೆ ಮತ್ತೊಂದಿದೆ. ಅದು ತೀರಾ ಸಹಜವಾಗಿ ಕೇಳುವ ಕಾರಣ ಯಾರೂ ಅನುಮಾನಿಸುವುದಿಲ್ಲ.

‘ಫಾರ್ಮ್ಯಾಟ್ ಹೊಡೆಸಿದರೆ ಸರಿಹೋಗುತ್ತದೆ’

ಹೌದು, ಕಂಪ್ಯೂಟರ್ ಸರಿಹೋಗಬಹುದು. ಫೈಲ್‌ಗಳು ಹೋಗುತ್ತವೆ. ಅಂಗಡಿಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ಸಿ ಡ್ರೈವ್‌ನಲ್ಲಿ ಏನಾದರೂ ಇದೆಯಾ?” ನಾವು “ಇಲ್ಲ, ಎಲ್ಲಾ ಡೆಸ್ಕ್‌ಟಾಪ್ ಮೇಲೆ ಇದೆ” ಎನ್ನುತ್ತೇವೆ. ತಪ್ಪು ಇಲ್ಲೇ ಆಗುವುದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಈ ಮೂರೂ ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲೇ.

“ಡಿ ಡ್ರೈವ್‌ನಲ್ಲಿಟ್ಟರೆ ಸೇಫ್” ಎಂಬುದೂ ಅರ್ಧಸತ್ಯ. ಸಿ, ಡಿ ಎರಡೂ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಡಿಸ್ಕ್‌ನ ಎರಡು ಭಾಗಗಳು, ಒಂದೇ ಮನೆಯ ಎರಡು ಕೋಣೆಗಳಿದ್ದಂತೆ. ಸಿ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ. ಮನೆಯೇ ಬಿದ್ದರೆ ಎರಡೂ ಹೋಗುತ್ತವೆ.

ಈಗಾಗಲೇ ಫಾರ್ಮ್ಯಾಟ್ ಆಗಿದ್ದರೆ? ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ಫೈಲ್‌ಗಳ ಪಟ್ಟಿ ಮಾತ್ರ ಹೋಗುತ್ತದೆ. ಮೇಲೆ ಹೊಸದನ್ನು ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಟೆಸ್ಟ್‌ಡಿಸ್ಕ್, ಫೋಟೋರೆಕ್‌ನಂಥ ಉಚಿತ ಪ್ರೋಗ್ರಾಂಗಳು ಅದನ್ನು ಹುಡುಕಿ ತೆಗೆಯಬಲ್ಲವು. ಆದರೆ ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಎಸ್‌ಎಸ್‌ಡಿಗಳ ರೀತಿ ಬೇರೆ. ಅಳಿಸಿದ ಜಾಗವನ್ನು ಅವು ಟ್ರಿಮ್ ಎಂಬ ವ್ಯವಸ್ಥೆಯ ಮೂಲಕ ತಾವೇ ಸ್ವಚ್ಛ ಮಾಡಿಕೊಳ್ಳುತ್ತವೆ. ಹಾಗಾಗಿ ಎಸ್‌ಎಸ್‌ಡಿ ಫಾರ್ಮ್ಯಾಟ್ ಆದ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. “ಮೊದಲೆಲ್ಲ ಫಾರ್ಮ್ಯಾಟ್ ಆದ ಮೇಲೂ ತೆಗೆದುಕೊಟ್ಟಿದ್ದರು” ಎಂಬ ಹಳೆಯ ಅನುಭವ ಹೊಸ ಲ್ಯಾಪ್‌ಟಾಪ್‌ಗೆ ಅನ್ವಯಿಸುವುದಿಲ್ಲ.

ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ವಿಂಡೋಸ್ ಹಾಕಿದ್ದರೆ, ಹಳೆಯ ಫೈಲ್‌ಗಳು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್‌ನಲ್ಲಿ ಕೂತಿರಬಹುದು. ಕೆಲವು ದಿನಗಳಲ್ಲಿ ಅದು ತಾನಾಗಿಯೇ ಅಳಿಯಬಹುದು, ಬೇಗ ನೋಡಿ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಬೇರೆಡೆ ಪ್ರತಿ ಇದೆಯೇ ನೋಡಿ. ಇದಕ್ಕೆ ಒಂದು ರೂಪಾಯಿಯೂ ಬೇಡ. ಜಿಮೇಲ್‌ನ ಕಳುಹಿಸಿದ ಮೇಲ್‌ಗಳು, ಗೂಗಲ್ ಫೋಟೋಸ್, ಒನ್‌ಡ್ರೈವ್, ಹಳೆಯ ಫೋನ್, ರೆಕಾರ್ಡರ್‌ನ ಮೆಮೊರಿ ಕಾರ್ಡ್, ನೀವು ಫೈಲ್ ಕಳುಹಿಸಿದ್ದ ಗೆಳತಿಯ ವಾಟ್ಸಾಪ್. ನಮ್ಮ ಹುಡುಗಿಯ ಮಟ್ಟಿಗೆ ಹೇಳುವುದಾದರೆ, ಪದಗಳನ್ನು ಮೊದಲು ಫೋನ್‌ನಲ್ಲೇ ರೆಕಾರ್ಡ್ ಮಾಡಿದ್ದರೆ ಆ ಫೋನ್‌ನಲ್ಲಿ ಹೊಸದೇನನ್ನೂ ತುಂಬದೆ ಹುಡುಕಬೇಕು.

ಎರಡನೆಯದು, ಬೇರೆ ಚಾರ್ಜರ್ ಹಾಕಿ ನೋಡಿ. ಅದೇ ಮಾದರಿಗೆ, ಅದೇ ವೋಲ್ಟ್‌ಗೆ ಹೊಂದುವಂಥದ್ದು ಇರಬೇಕು.

ಮೂರನೆಯದು, ಡಿಸ್ಕ್ ಸದ್ದು ಮಾಡುತ್ತಿಲ್ಲ, ವಿಂಡೋಸ್ ಮಾತ್ರ ತೆರೆಯುತ್ತಿಲ್ಲ ಎಂದಾದರೆ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆನ್ ಮಾಡಿ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಅನ್ನು ಬೇರೆ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರೆ ಸಾಕು. ‘ಇನ್‌ಸ್ಟಾಲ್’ ಒತ್ತಬೇಡಿ, ‘ಟ್ರೈ’ ಎಂಬುದನ್ನು ಆರಿಸಿ. ನಿಮ್ಮ ಡಿಸ್ಕ್ ಅಲ್ಲಿ ಒಂದು ಫೋಲ್ಡರ್‌ನಂತೆ ಕಾಣುತ್ತದೆ. ಬೇಕಾದ್ದನ್ನು ಮತ್ತೊಂದು ಎಕ್ಸ್‌ಟರ್ನಲ್ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ.

ನಾಲ್ಕನೆಯದು, ಯಂತ್ರವೇ ಸತ್ತಿದ್ದರೆ ಡಿಸ್ಕ್ ಹೊರತೆಗೆಸಿ ಯುಎಸ್‌ಬಿ ಕೇಬಲ್ ಅಥವಾ ಕೇಸ್ ಮೂಲಕ ಬೇರೆ ಕಂಪ್ಯೂಟರ್‌ಗೆ ಜೋಡಿಸಿ. ಕೆಲವು ನೂರು ರೂಪಾಯಿಯ ಸಾಮಾನು ಇದು. ಡೆಸ್ಕ್‌ಟಾಪ್‌ನ ದೊಡ್ಡ ಡಿಸ್ಕ್‌ಗೆ ಪ್ರತ್ಯೇಕ ಪವರ್ ಅಡಾಪ್ಟರ್ ಇರುವ ಕೇಬಲ್ಲೇ ಬೇಕು. ಜೋಡಿಸಿದಾಗ “ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?” ಎಂದು ವಿಂಡೋಸ್ ಕೇಳಿದರೆ ‘ಬೇಡ’ ಒತ್ತಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ. ಅಲ್ಲಿ ಈ ದಾರಿ ಇಲ್ಲ, ಬೋರ್ಡ್ ರಿಪೇರಿಯೇ ದಾರಿ.

ಐದನೆಯದು, ಡಿಸ್ಕ್ ತೀರಾ ನಿಧಾನವಾಗಿದ್ದರೆ, ಓದುವಾಗ ಎಲ್ಲೆಲ್ಲೋ ನಿಲ್ಲುತ್ತಿದ್ದರೆ ಅದರ ಮೇಲೆ ರಿಪೇರಿ ಪ್ರೋಗ್ರಾಂ ಓಡಿಸಬೇಡಿ. ಬಲ್ಲವರಿಂದ ಮೊದಲು ಇಡೀ ಡಿಸ್ಕ್‌ನ ಪಡಿಯಚ್ಚು ತೆಗೆಸಿ, ಹುಡುಕಾಟವೆಲ್ಲ ಆ ಪಡಿಯಚ್ಚಿನ ಮೇಲೆ ನಡೆಯಲಿ. ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಂ ಇರುವುದೇ ಈ ಕೆಲಸಕ್ಕೆ.

48 ಅಂಕಿಗಳ ಬೀಗ

ಡಿಸ್ಕ್ ಚೆನ್ನಾಗಿದ್ದರೂ ಫೈಲ್ ಸಿಗದಿರಲು ಈಗ ಹೊಸ ಕಾರಣವೊಂದಿದೆ: ಬಿಟ್‌ಲಾಕರ್. ಕಳ್ಳತನವಾದರೂ ಮಾಹಿತಿ ಯಾರಿಗೂ ಸಿಗಬಾರದೆಂದು ವಿಂಡೋಸ್ ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯಿಂದೀಚೆಗೆ, ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಸೆಟಪ್ ಮಾಡಿದ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಈ ಬೀಗ ತಾನಾಗಿಯೇ ಬೀಳುತ್ತದೆ. ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ 48 ಅಂಕಿಗಳ ಕೀ ಕೇಳುತ್ತದೆ. ಕ್ರೌಡ್‌ಸ್ಟ್ರೈಕ್ ದಿನವೂ ಎಷ್ಟೋ ಸಂಸ್ಥೆಗಳ ಕೆಲಸ ನಿಧಾನವಾದದ್ದು ಈ ಕೀ ಹುಡುಕುವುದರಲ್ಲೇ.

ಕೀ ಸಾಮಾನ್ಯವಾಗಿ ಇರುವುದು ಲ್ಯಾಪ್‌ಟಾಪ್ ಸೆಟಪ್ ಮಾಡಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಫೋನ್‌ನಿಂದಲೇ ಆ ಖಾತೆಗೆ ಲಾಗಿನ್ ಆಗಿ ನೋಡಬಹುದು. ಆದರೆ ಆ ಖಾತೆ ಯಾರದು? ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರೇ ಯಾವುದೋ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಇರುವುದು ಆ ಇಮೇಲ್‌ನಲ್ಲಿ. ಕೀ ಇಲ್ಲದೆ ಈ ಬೀಗ ತೆಗೆಯುವ ದಾರಿ ಅಂಗಡಿಯವರಿಗೂ ಇಲ್ಲ, ಮೈಕ್ರೋಸಾಫ್ಟ್‌ಗೂ ಇಲ್ಲ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಖಾತೆ ಯಾವುದೆಂದು ನೋಡಿ, ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಫೈಲ್ ಸಿಕ್ಕಿತು, ಅಕ್ಷರ ಮಾತ್ರ ಚಿತ್ರಾನ್ನ

ಕನ್ನಡಿಗರಿಗೆ ಎದುರಾಗುವ ತೊಡಕು ಒಂದಿದೆ. ಕಷ್ಟಪಟ್ಟು ತೆಗೆದ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. “ಫೈಲ್ ಕರಪ್ಟ್ ಆಗಿದೆ” ಎಂದು ಅಳಿಸಿಬಿಡಬೇಡಿ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಹಾಗೆಯೇ ಕಾಣುತ್ತದೆ. ಅದೇ ಫಾಂಟ್ ಹಾಕಿದ ಕೂಡಲೇ ಕನ್ನಡ ಮರಳುತ್ತದೆ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ.

ಡಿಸ್ಕ್ ನಿಜವಾಗಿಯೂ ಸತ್ತಿದ್ದರೆ

ಆಗಲೂ ದಾರಿ ಇರಬಹುದು. 2003ರ ಫೆಬ್ರವರಿಯಲ್ಲಿ ಕಲ್ಪನಾ ಚಾವ್ಲಾ ಸೇರಿ ಏಳು ಗಗನಯಾತ್ರಿಗಳನ್ನು ಬಲಿಪಡೆದ ಕೊಲಂಬಿಯಾ ನೌಕೆಯ ಅವಶೇಷಗಳಲ್ಲಿ ಸುಟ್ಟು ಕರಕಲಾದ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತ್ತು. ಹೊರಗಿನ ಭಾಗ ಕರಗಿದ್ದರೂ ಒಳಗಿನ ತಟ್ಟೆಗಳು ಸೊಟ್ಟಗಾಗಿರಲಿಲ್ಲ. ಪರಿಣತರು ಅದರಿಂದ ಬಹುತೇಕ ಎಲ್ಲ ಮಾಹಿತಿಯನ್ನು ಹೊರತೆಗೆದರು. ಅಂತರಿಕ್ಷದಲ್ಲಿ ನಡೆಸಿದ್ದ ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅದೇ ನೌಕೆಯ ಬೇರೆ ಡಿಸ್ಕ್‌ಗಳಿಂದ ಏನೂ ಸಿಗಲಿಲ್ಲ ಎಂಬುದೂ ಅಷ್ಟೇ ಮುಖ್ಯ.

ಅಂಥ ಕೆಲಸ ಧೂಳಿಲ್ಲದ ವಿಶೇಷ ಕೋಣೆ ಇರುವ ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯ, ದುಬಾರಿಯೂ ಹೌದು. ಕೊಡುವ ಮೊದಲು ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯಿರಿ. ಫೈಲ್ ಸಿಗದಿದ್ದರೆ ಎಷ್ಟು ಕೊಡಬೇಕು ಎಂದು ಕೇಳಿ. ಮೂಲ ಡಿಸ್ಕನ್ನು ಮರಳಿ ಪಡೆಯಿರಿ. ಅದರಲ್ಲಿ ಮನೆಯ ಫೋಟೊ, ಬ್ಯಾಂಕ್ ದಾಖಲೆಗಳೂ ಇರುತ್ತವೆ ಎಂಬುದು ನೆನಪಿರಲಿ. ಪರದೆಯ ಮೇಲೆ ಫೋನ್ ನಂಬರ್ ತೋರಿಸಿ “ಮೈಕ್ರೋಸಾಫ್ಟ್‌ಗೆ ಕರೆ ಮಾಡಿ” ಎಂದರೆ ಅದು ವಂಚನೆ. ಮೈಕ್ರೋಸಾಫ್ಟ್‌ನ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಹಣ ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಎಲ್ಲದಕ್ಕೂ ಹಣ ಸುರಿಯಬೇಕಾಗಿಲ್ಲ. ಪಹಣಿ ಭೂಮಿ ವ್ಯವಸ್ಥೆಯಲ್ಲಿದೆ, ಆಧಾರ್ ಮತ್ತೆ ಡೌನ್‌ಲೋಡ್ ಆಗುತ್ತದೆ, ಡ್ರೈವಿಂಗ್ ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಇವು ನಿಮ್ಮ ಕಂಪ್ಯೂಟರ್‌ನಲ್ಲಿದ್ದದ್ದು ನಕಲು ಮಾತ್ರ. ಮತ್ತೆಲ್ಲೂ ಸಿಗದೆ ಇರುವಂಥದ್ದು ಮದುವೆಯ ಫೋಟೊ, ಬರೆದಿಟ್ಟ ಪ್ರಬಂಧ, ತೀರಿಹೋದವರ ದನಿ. ಹಣ, ಸಮಯ ಅದಕ್ಕೆ ಮೀಸಲಿರಲಿ.

ಕೊನೆಯದಾಗಿ

ಕೆಡುವ ಮುನ್ನ ಡಿಸ್ಕ್ ಸೂಚನೆ ಕೊಡುತ್ತದೆ ಎಂದು ಕಾಯುವಂತೆಯೂ ಇಲ್ಲ. ಗೂಗಲ್ ಸಂಶೋಧಕರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ನಾಲ್ಕು ಪ್ರಬಲ ಮುನ್ಸೂಚನೆಗಳಲ್ಲಿ ಒಂದೂ ಕಂಡಿರಲಿಲ್ಲ.

ಹಿರೇಬೆಂಡಿಗೇರಿಯ ಆ ಲ್ಯಾಪ್‌ಟಾಪ್‌ನ ಕಥೆ ಮೂರು ರೀತಿ ಮುಗಿಯಬಹುದು. ಚಾರ್ಜರ್ ಬದಲಿಸಿದ ಕೂಡಲೇ ಆನ್ ಆಗಬಹುದು. ಬೋರ್ಡ್ ಸುಟ್ಟಿದ್ದರೆ ಶಿಗ್ಗಾಂವಿಯಲ್ಲೋ ಹುಬ್ಬಳ್ಳಿಯಲ್ಲೋ ಡಿಸ್ಕ್ ಹೊರತೆಗೆಸಿ ಪದಗಳನ್ನು ಕಾಪಿ ಮಾಡಿಕೊಳ್ಳಬಹುದು. ಇಲ್ಲವೇ ಯಾರದೋ ಮಾತು ಕೇಳಿ ಫಾರ್ಮ್ಯಾಟ್ ಹೊಡೆಸಿ, ಹೊಸದರಂತೆ ಓಡುವ ಖಾಲಿ ಲ್ಯಾಪ್‌ಟಾಪ್ ಮನೆಗೆ ತರಬಹುದು. ಸಿಡಿಲು ನಮ್ಮ ಕೈಯಲ್ಲಿಲ್ಲ, ಮೂರನೆಯ ಅಂತ್ಯವನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ.

ಈ ಪ್ರಶ್ನೆಯೇ ಏಳದಂತೆ ಮಾಡಲು ದಾರಿ ಸರಳ. ಮುಖ್ಯವಾದ ಫೈಲ್‌ಗೆ ಮೂರು ಪ್ರತಿ ಇರಲಿ: ಕಂಪ್ಯೂಟರ್‌ನಲ್ಲೊಂದು, ಎಕ್ಸ್‌ಟರ್ನಲ್ ಡ್ರೈವ್‌ನಲ್ಲೊಂದು, ಮನೆಯಿಂದ ಹೊರಗೆ ಒಂದು. ಹೊರಗಿನದ್ದಕ್ಕೆ ಗೂಗಲ್ ಖಾತೆಯ ಉಚಿತ 15 ಜಿಬಿ ಆಗುತ್ತದೆ, ತವರುಮನೆಯಲ್ಲಿಟ್ಟ ಪೆನ್‌ಡ್ರೈವ್ ಕೂಡ ಆಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಕಳುಹಿಸಿದ್ದನ್ನೇ ಬ್ಯಾಕಪ್ ಎಂದುಕೊಳ್ಳಬೇಡಿ, ಅಲ್ಲಿ ಚಿತ್ರದ ಗುಣಮಟ್ಟ ಇಳಿಯುತ್ತದೆ. ಕಳುಹಿಸಲೇಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ. ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತಿಡಿ.

ಇನ್ನು ಮುಂದೆ ಗ್ರೂಪಿನಲ್ಲಿ ಯಾರಾದರೂ “ಕಂಪ್ಯೂಟರ್ ಆನ್ ಆಗ್ತಿಲ್ಲ, ಏನು ಮಾಡಲಿ?” ಎಂದು ಕೇಳಿದರೆ, ಫ್ರಿಜ್‌ನ ಸಲಹೆ ಫಾರ್ವರ್ಡ್ ಮಾಡುವ ಬದಲು ಈ ಒಂದು ಸಾಲು ಕಳುಹಿಸಿ: ಫೈಲ್ ಬೇಕಿದ್ದರೆ ಫಾರ್ಮ್ಯಾಟ್ ಮಾಡಿಸಬೇಡಿ, ಮೊದಲು ಡಿಸ್ಕ್‌ನಲ್ಲಿರುವುದನ್ನು ಕಾಪಿ ಮಾಡಿಸಿಕೊಳ್ಳಿ.